ಊರು ಬರಿದಾಗಿಸುವ ಮಾತು

ಬಹಳ ಬಹಳ ಹಿಂದೆ, ಹಂಸಗಿರಿ ಎಂಬ ರಾಜ್ಯದಲ್ಲಿ ಮಾಳಯ್ಯ ಎಂಬ ಬಳೆಗಾರನಿದ್ದ. ಊರೂರು ತಿರುಗಿ ಬಳೆ ತೊಡಿಸಿ ಒಂದು ಸಂಜೆ ಮನೆಗೆ ಬಂದರೆ, ಊರಿನಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಒಲೆ ಉರಿಯುತ್ತಿದೆ, ಸಾರು ಕುದಿಯುತ್ತಿದೆ, ಹೆಂಡತಿ ಸಾಕವ್ವ ಮಾತ್ರ ಇಲ್ಲ. ಮಾಳಯ್ಯ ಊರ ಚಾವಡಿಗೆ ಓಡಿದ.

ಚಾವಡಿಯಲ್ಲಿ ಪರದೇಶದ ಮಂತ್ರವಾದಿಯೊಬ್ಬ ಕಾಲು ಚಾಚಿ ಕೂತಿದ್ದ. ಪಕ್ಕದಲ್ಲಿ ಅವನ ಹುಲಿ. ಆ ಹುಲಿಗೆ ಮಾತು ಬರುತ್ತಿತ್ತು.

"ನಮ್ಮ ಜನ ಎಲ್ಲಿ?" ಎಂದ ಮಾಳಯ್ಯ.

"ಡಿಸ್‌ಪೀಪಲ್ ಅಂದೆ, ಹೋದರು," ಎಂದ ಮಂತ್ರವಾದಿ. "ಪೀಪಲ್ ಅಂದರೆ ಜನ. ಅದರ ತಲೆಗೆ ಡಿಸ್ ಅಂಟಿಸಿದರೆ, ಜನರನ್ನು ಇಲ್ಲವಾಗಿಸು ಅಂತ ಅರ್ಥ. ಈ ಮಾತಿನ ಅಜ್ಜಿಮನೆ ಲ್ಯಾಟಿನ್, ತಾಯಿಮನೆ ಫ್ರೆಂಚ್. ನಾನು ಇಂಗ್ಲಿಷರಿಂದ ಕಲಿತೆ. ಅವರೂ ಈಗ ಅಷ್ಟಾಗಿ ಆಡುವುದಿಲ್ಲ. ಕತ್ತಲಾಗುವುದರೊಳಗೆ ನಿನ್ನವರನ್ನು ಕರೆಸಿಕೋ. ಆಗದಿದ್ದರೆ ಊರು ನನ್ನದು."

ಮಾಳಯ್ಯ ಮೊದಲು ಒಬ್ಬೊಬ್ಬರ ಹೆಸರು ಹಿಡಿದು ಕೂಗಿದ. ಯಾರೂ ಬರಲಿಲ್ಲ. ಆಮೇಲೆ ತಮಟೆ ಬಡಿದ. ಉಣ್ಣುವುದನ್ನೂ ಬಿಟ್ಟು ಆ ಸದ್ದಿಗೆ ಓಡಿ ಬರುತ್ತಿದ್ದ ಜನ. ಯಾರೂ ಬರಲಿಲ್ಲ. ಹುಲಿ ಆಕಳಿಸಿತು.

ಮಾಳಯ್ಯನಿಗೆ ಅಳು ಬಂತು. "ಹೋಗೋವಾಗ ಏನಾದ್ರೂ ಅಂದ್ರಾ?" ಎಂದು ಹುಲಿಯನ್ನೇ ಕೇಳಿದ.

"ಎಲ್ಲರೂ ಒಂದೇ ಮಾತು ಅಂದರು. ಹೋಗಿ ಬರ್ತೀವಿ ಅಂತ."

ಮಂತ್ರವಾದಿ ನಕ್ಕ. ಪಾಪ, ಅಷ್ಟೆಲ್ಲ ಓದಿದವನಿಗೆ ನಮ್ಮ ರೀತಿ ಗೊತ್ತಿರಲಿಲ್ಲ. ಇಲ್ಲಿ ಹೊಸ್ತಿಲು ದಾಟುವವರು ಬರೀ ಹೋಗ್ತೀನಿ ಅನ್ನುವುದಿಲ್ಲ. ಮನೆಯಲ್ಲಿ ಉಳಿದವರು ಹೋಗಿ ಬಾ ಅನ್ನದೆ ಕಳಿಸುವುದೂ ಇಲ್ಲ. ಅಂದು ಎಲ್ಲರೂ ಒಟ್ಟಿಗೆ ಹೋಗಿಬಿಟ್ಟಿದ್ದರಿಂದ, ಹಾಗೆ ಹೇಳಲು ಊರಿನಲ್ಲಿ ಯಾರೂ ಉಳಿದಿರಲಿಲ್ಲ.

ಮಾಳಯ್ಯ ಎದ್ದ. ಗಾಣಿಗರ ಹೊಸ್ತಿಲಲ್ಲಿ ನಿಂತು, "ಹೋಗಿ ಬನ್ನಿ" ಎಂದ. ಒಳಗೆ ಮುದುಕಿ ಕೆಮ್ಮಿದಳು. ಕುಂಬಾರರ ಹೊಸ್ತಿಲಲ್ಲಿ ನಿಂತು, "ಹೋಗಿ ಬನ್ನಿ" ಎಂದ. ತೊಟ್ಟಿಲಲ್ಲಿ ಮಗು ಅತ್ತಿತು. ಹೀಗೆ ಮನೆ ಮನೆ ತುಂಬುತ್ತ ಬಂತು. ಕೊನೆಗೆ ತನ್ನ ಮನೆ. ಹೊಸ್ತಿಲಲ್ಲಿ ನಿಂತ.

"ಹೋಗಿ ಬಾ, ಸಾಕಿ."

"ಸಾರು ತಳ ಹಿಡೀತಾ ಐತೆ. ಒಂದಿಷ್ಟು ಇಳಿಸೋಕಾಗಲಿಲ್ವಾ ನಿಮಗೆ?" ಎಂದಳು ಸಾಕವ್ವ. ಮಾಳಯ್ಯ ಹೊಸ್ತಿಲ ಮೇಲೇ ಕುಸಿದು ಕೂತು ಅತ್ತ.

ಮಂತ್ರವಾದಿ ಮತ್ತೆ ಮತ್ತೆ ತನ್ನ ಮಾತು ಆಡಿದ. ಹೋಗಿ ಬನ್ನಿ ಅನ್ನಿಸಿಕೊಂಡು ಬಂದವರ ಮೇಲೆ ಅದು ನಡೆಯಲಿಲ್ಲ, ಒಂದು ಕೋಳಿಯೂ ಕದಲಲಿಲ್ಲ. ಅವನು ಗಂಟು ಕಟ್ಟಿದ. ಹುಲಿಗೆ ಸಾರಿನ ವಾಸನೆ ಹಿಡಿಸಿತ್ತು, ಅದು ಏಳಲೇ ಇಲ್ಲ.

"ನಾನು ಹೋಗ್ತೀನಿ," ಎಂದ ಮಂತ್ರವಾದಿ.

ಊರಿಗೆ ಊರೇ ನಿಂತು ನೋಡಿತು. ಯಾರೂ ಏನೂ ಅನ್ನಲಿಲ್ಲ. ಅವನು ಮತ್ತೆ ಬರಲಿಲ್ಲ, ಉಳಿದವರೆಲ್ಲ ಹುಲಿಯ ಜೊತೆ ಸುಖವಾಗಿದ್ದರು.