ಕಂಬದಾಚೆ ಹೋದ ಚೆಂಡು

"ಬೂ...ಊ...!"

ಇಡೀ ಸ್ಟೇಡಿಯಂ ಮೂದಲಿಸಿ ಕೂಗುತ್ತಿತ್ತು. ಅಪ್ಪ ಎರಡೂ ಕೈಗಳನ್ನು ಬಾಯಿಗೆ ಹಿಡಿದುಕೊಂಡು ಕೂಗುತ್ತಿದ್ದರು. ಮಾರ್ಗೋ ಸೀಟಿನ ಮೇಲೆ ಹತ್ತಿ ನಿಂತು, ಗಂಟಲು ಹರಿಯುವ ಹಾಗೆ ಕೂಗಿದಳು.

ಕೂಗದೆ ಇನ್ನೇನು ಮಾಡುವುದು? ಆ ಎರಡು ಹಳದಿ ಕಂಬಗಳ ನಡುವೆ ಚೆಂಡು ಹೋಗಿದ್ದರೆ ಸಾಕಿತ್ತು, ಹೆರನ್ಸ್ ಅಮೆರಿಕನ್ ಫುಟ್‌ಬಾಲ್ ಟೀಮು ಈ ವರ್ಷದ ಮೊದಲ ಮ್ಯಾಚ್ ಗೆಲ್ಲುತ್ತಿತ್ತು. ಸೆಪ್ಟೆಂಬರಿನಿಂದ ಬರೀ ಸೋಲು. ಈಗ ನವೆಂಬರೂ ಮುಗಿಯುತ್ತ ಬಂದಿದೆ. ಕೊನೆಯ ಗಳಿಗೆಯಲ್ಲಿ, ಕಂಬಗಳ ನಡುವೆ ಚೆಂಡು ಒದೆಯುವುದೇ ಕೆಲಸವಾಗಿದ್ದ ಕಿಕ್ಕರ್ ಬರೇರ ಓಡಿಬಂದು ಒದ್ದ. ಚೆಂಡು ಎಡಗಡೆಯ ಕಂಬದಾಚೆ ಹೋಗಿ ಬಿತ್ತು.

"ನಮ್ಮಜ್ಜಿ ಬಂದಿದ್ರೂ ಹೊಡೀತಿದ್ರಲ್ಲೋ!" ಹಿಂದಿನ ಸಾಲಿನಲ್ಲಿ ಯಾರೋ ಅರಚಿದರು.

"ಮನೆಗೆ ಹೋಗೋ, ಬರೇರಾ!" ಮಾರ್ಗೋ ಕೂಗಿದಳು.

ಎರಡು ಸಾಲು ಮುಂದೆ ಕೂತಿದ್ದ ಹುಡುಗಿ ತಿರುಗಿ ನೋಡಿದಳು. ನೀಲಿ ಟೊಪ್ಪಿಗೆ, ಅದರ ಮೇಲೆ ಟೀಮಿನ ಕೊಕ್ಕರೆ ಚಿತ್ರ. ಚಳಿಗೆ ಕೆಂಪಾದ ಮೂಗು.

ಪಲೋಮಾ! ಮಾರ್ಗೋಳ ಕ್ಲಾಸಿನವಳು. ಬರೇರನ ಮಗಳು.

ಮಾರ್ಗೋ ಯಾವಾಗಲೂ ಕೂರುವುದು ತುಂಬಾ ಮೇಲೆ, ಆಟಗಾರರು ಇರುವೆಗಳ ಹಾಗೆ ಕಾಣುವ ಕಡೆ. ಅಪ್ಪನ ಬಸ್ ಡಿಪೋದ ಗೆಳೆಯರೊಬ್ಬರು ತಮ್ಮ ಟಿಕೆಟ್ ಕೊಟ್ಟಿದ್ದರಿಂದ ಇವತ್ತು ಇಷ್ಟು ಮುಂದೆ ಬಂದಿದ್ದರು. ಆಟಗಾರರ ಮನೆಯವರೂ ಇಲ್ಲೇ ಕೂರುತ್ತಾರೆ ಎಂದು ಅವಳಿಗೇನು ಗೊತ್ತು?

ಪಲೋಮಾ ಟೊಪ್ಪಿಗೆಯನ್ನು ಕಿವಿಯ ಮೇಲೆ ಎಳೆದುಕೊಂಡಳು. ಮತ್ತೆ ಮೈದಾನದ ಕಡೆ ತಿರುಗಿದಳು. ಮಾರ್ಗೋ ಮೆಲ್ಲಗೆ ಸೀಟಿನಿಂದ ಇಳಿದಳು.

ಕಾರಿನಲ್ಲಿ ಕೇಳಿದಳು: "ಅಪ್ಪಾ, ನಾವು ಕೂಗಿದ್ದು ಬರೇರನಿಗೆ ಕೇಳ್ಸಿರುತ್ತಾ?"

"ಕೇಳ್ಸ್ಲಿ ಅಂತಾನೇ ಅಲ್ವಾ ಕೂಗೋದು?"

"ಅವನ ಮನೆಯವ್ರಿಗೆ?"

ಅಪ್ಪ ಹೀಟರಿನ ಗುಂಡಿಯನ್ನು ಒಮ್ಮೆ ಆಚೆ, ಒಮ್ಮೆ ಈಚೆ ತಿರುಗಿಸಿದರು. "ಅವ್ರಿಗೆ... ಅಭ್ಯಾಸ ಆಗಿರುತ್ತೆ ಬಿಡು, ಪುಟ್ಟಿ."

ಸೋಮವಾರ ಸ್ಕೂಲಿನ ಲಂಚ್ ಹೊತ್ತಿನಲ್ಲಿ ಕ್ಲಾಸಿನ ರೋರಿ ಎರಡು ಕುರ್ಚಿಗಳನ್ನು ದೂರದೂರ ಇಟ್ಟ. ಖಾಲಿ ಹಾಲಿನ ಡಬ್ಬಿಯನ್ನು ನೆಲದ ಮೇಲಿಟ್ಟು, ಬೇಕೆಂದೇ ಸೊಟ್ಟಗೆ ಒದ್ದ. ಅದು ಕಸದ ಬುಟ್ಟಿಗೆ ತಾಗಿ ಉರುಳಿತು.

"ಇದು ಬರೇರ ಕಿಕ್! ಗುರಿ ಎಲ್ಲೋ, ಚೆಂಡು ಎಲ್ಲೋ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಪಲೋಮಾ ಮೂಲೆಯ ಟೇಬಲ್ಲಿನಲ್ಲಿ ಒಬ್ಬಳೇ ಕೂತು ಅಮ್ಮ ಕಟ್ಟಿಕೊಟ್ಟಿದ್ದ ಟೋರ್ಟಿಯಾ ರೊಟ್ಟಿ ತಿನ್ನುತ್ತಿದ್ದಳು. ಆಗಸ್ಟಿನಲ್ಲಿ ಅವಳು ಟೆಕ್ಸಸಿನಿಂದ ಬಂದಾಗ, ಮೊದಲ ದಿನ ಪಕ್ಕದಲ್ಲಿ ಜಾಗ ಕೊಟ್ಟವಳು ಮಾರ್ಗೋ. ಆಮೇಲೆ ದಿನಾ ಒಟ್ಟಿಗೇ ಕೂರುತ್ತಿದ್ದರು. ಇವತ್ತು ಆ ಟೇಬಲ್ಲಿಗೆ ಹೋಗಲು ಮಾರ್ಗೋಗೆ ಕಾಲೇ ಬರಲಿಲ್ಲ.

"ಸಾಕು, ಕೂತ್ಕೊಳ್ಳೋ ರೋರಿ" ಎಂದಳು.

"ಓಹೋ! ನಿನ್ನೆ ನೀನೂ ಮ್ಯಾಚಿಗೆ ಹೋಗಿದ್ಯಲ್ಲ? ಬರೇರಂಗೆ ಚಪ್ಪಾಳೆ ತಟ್ಟಿ ಬಂದ್ಯಾ?"

ಮಾರ್ಗೋಳ ಕಿವಿ ಬಿಸಿಯಾಯಿತು.

ಸ್ಕೂಲು ಬಿಟ್ಟ ಮೇಲೆ ಅವಳು ಪಲೋಮಾಳ ಲಾಕರಿನ ಹತ್ತಿರ ಹೋಗಿ ನಿಂತಳು.

"ಪಲೋಮಾ, ನಿನ್ನೆ... ಎಲ್ರೂ ಕೂಗ್ತಾ ಇದ್ರು. ಅದಕ್ಕೇ ನಾನೂ..."

"ಗೊತ್ತು. ಅರವತ್ತು ಸಾವಿರ ಜನ."

"ಹೂಂ, ಅಷ್ಟೊಂದು ಜನ..."

"ಅಷ್ಟೂ ಜನ್ರಲ್ಲಿ ನಂಗೆ ಗೊತ್ತಿದ್ದಿದ್ದು ನೀನೊಬ್ಳೇ ಕಣೇ" ಎಂದು ಪಲೋಮಾ ಲಾಕರ್ ಮುಚ್ಚಿ ಹೊರಟುಹೋದಳು.

ಮಂಗಳವಾರ ಸಂಜೆ ಸಣ್ಣಗೆ ಹಿಮ ಉದುರುತ್ತಿತ್ತು. ಮಾರ್ಗೋ ಹೈಸ್ಕೂಲಿನ ಮೈದಾನದ ಪಕ್ಕ ನಡೆದು ಹೋಗುತ್ತಿದ್ದಾಗ ಠಣ್ ಎಂದು ಸದ್ದಾಯಿತು. ಕಂಬಕ್ಕೆ ಬಡಿದ ಚೆಂಡೊಂದು ಪುಟಿಯುತ್ತ, ಕುಣಿಯುತ್ತ ಬಂದು ತೆರೆದ ಗೇಟಿನಾಚೆ ಅವಳ ಕಾಲ ಬಳಿಯೇ ನಿಂತಿತು.

ದೂರದಲ್ಲಿ ಹಳೆಯ ಸ್ವೆಟರ್ ಹಾಕಿಕೊಂಡ ಒಬ್ಬರು ನಿಂತಿದ್ದರು. ಬರೇರ! ಟಿವಿಯಲ್ಲಿ ಕಾಣುವಷ್ಟು ಎತ್ತರವೇನಿಲ್ಲ. ಚೆಂಡು ಹುಡುಕಿಕೊಂಡು ಬರುತ್ತಿದ್ದವಳು ಪಲೋಮಾ. ಮಾರ್ಗೋಳನ್ನು ಕಂಡು ಅಲ್ಲೇ ನಿಂತುಬಿಟ್ಟಳು.

ಚೆಂಡು ಅಲ್ಲೇ ಬಿಟ್ಟು ಮನೆಗೆ ಓಡಬಹುದಿತ್ತು. ಮಾರ್ಗೋ ಅದನ್ನೆತ್ತಿ ಅವಳ ಕಡೆ ಎಸೆದಳು. ಅದು ಅರ್ಧ ದಾರಿಗೇ ದೊಪ್ಪನೆ ಬಿತ್ತು.

"ನಿನ್ನನ್ನೂ ಹೆರನ್ಸಿಗೆ ಸೇರಿಸ್ಕೊಳ್ಬೋದು" ಎಂದಳು ಪಲೋಮಾ. ನಗಲಿಲ್ಲ. ಆದರೆ ಮುಖ ನಿನ್ನೆಯಷ್ಟು ಗಂಟಿಕ್ಕಿರಲಿಲ್ಲ.

ಮಾರ್ಗೋ ನೇರವಾಗಿ ಬರೇರ ಅವರ ಹತ್ತಿರ ನಡೆದಳು.

"ಮಿಸ್ಟರ್ ಬರೇರ, ಭಾನುವಾರ 'ಮನೆಗೆ ಹೋಗು' ಅಂತ ಕೂಗಿದ್ದು ನಾನು."

ಅವರು ಕೈಗವಸು ಸರಿಮಾಡಿಕೊಂಡರು. "ಹೋದ್ನಲ್ಲಮ್ಮಾ ಮನೆಗೆ. ಹೋಗಿ ಸೂಪ್ ಕುಡಿದು ಮಲಗ್ದೆ. ನಿದ್ದೆ ಮಾತ್ರ ಬರ್ಲಿಲ್ಲ."

"ಸಾರಿ."

ಅವರು ಕಾಲಿನಿಂದ ಹಿಮ ಸರಿಸಿ ಚೆಂಡಿಗೆ ಜಾಗ ಮಾಡಿದರು. "ಚೆಂಡು ತರೋಕೆ ಇವಳೊಬ್ಳೇ ಓಡಿ ಓಡಿ ಸುಸ್ತಾಗಿದ್ದಾಳೆ. ಇರ್ತೀಯಾ ಸ್ವಲ್ಪ ಹೊತ್ತು?"

ಮಾರ್ಗೋ ಪಲೋಮಾಳ ಕಡೆ ನೋಡಿದಳು. ಪಲೋಮಾ ಭುಜ ಕುಣಿಸಿದಳು. "ಬಲಗಡೆ ನೀನು ನೋಡ್ಕೋ. ಎಡಗಡೆ ನಂದು."

ಬರೇರ ಒದ್ದರು. ಚೆಂಡು ಕಂಬಗಳ ನಡುವೆ ಹಾರಿತು. "ಹೋಯ್!" ಎಂದು ಮಾರ್ಗೋ ಕುಣಿದಳು. ಅಷ್ಟರಲ್ಲಿ ಪಲೋಮಾ ಓಡಿಯಾಗಿತ್ತು.

ಮತ್ತೆ ಒದ್ದರು. ಈ ಸಲ ಚೆಂಡು ಬಲಗಡೆಯ ಕಂಬದಾಚೆ ಹೋಯಿತು. ಈಗ ಪಲೋಮಾಳ ಮುಖ ಸಣ್ಣದಾಗುತ್ತದೆ ಎಂದುಕೊಂಡು ಮಾರ್ಗೋ ತಿರುಗಿ ನೋಡಿದಳು. ಪಲೋಮಾ ಆಗಲೇ ಓಡುತ್ತಿದ್ದಳು. ಅದೇ ಓಟ, ಅಷ್ಟೇ ಜೋರು.

"ಏಯ್, ನಿಂತ್ಕೊಂಡೇನ್ ನೋಡ್ತೀಯೇ? ಅದು ನಿನ್ ಕಡೇದು!"

ಮಾರ್ಗೋ ಹಿಮದಲ್ಲಿ ಜಾರುತ್ತ, ಏಳುತ್ತ ಓಡಿದಳು.

ಮುಂದಿನ ಭಾನುವಾರವೂ ಹೆರನ್ಸ್ ಸೋತರು. ಎಷ್ಟು ಹೀನಾಯವಾಗಿ ಎಂದರೆ, ಬರೇರ ಅವರಿಗೆ ಕಂಬಗಳ ಕಡೆ ಒದೆಯುವ ಅವಕಾಶವೇ ಸಿಗಲಿಲ್ಲ. ಅಪ್ಪ ಟಿವಿ ಆರಿಸಿ, ಬೇಸರದಿಂದ ಅಡುಗೆಮನೆಗೆ ಎದ್ದುಹೋದರು.

ಮಂಗಳವಾರ ಮಾರ್ಗೋ ಮೈದಾನಕ್ಕೆ ಬಂದಾಗ ಪಲೋಮಾ ಎಡಗಡೆ ನಿಂತಿದ್ದಳು. ಮಾರ್ಗೋ ಬಲಗಡೆ ಹೋಗಿ ನಿಂತಳು. ಬರೇರ ಎರಡು ಹೆಜ್ಜೆ ಹಿಂದೆ ಸರಿದು, ಓಡಿಬಂದು ಒದ್ದರು.

ಚೆಂಡು ಎಲ್ಲಿ ಹೋಗುತ್ತದೆ ಎಂದು ನೋಡಲು ಅವಳು ಕಾಯಲಿಲ್ಲ. ಅದು ಇನ್ನೂ ಮೇಲಿರುವಾಗಲೇ ಇಬ್ಬರೂ ಓಡತೊಡಗಿದ್ದರು.