ಕೇಳದೆ ತೊಳೆಯಬೇಡಿ

"ಏನ್ ಸಾರ್, ನಿಮ್ ಪ್ರೋಗ್ರಾಂಗೆ ಬಾಯಿಲ್ವಾ? ಅಳಿಸೋಕ್ ಮುಂಚೆ ಒಂದ್ ಮಾತು ಕೇಳ್ಬಾರ್ದಾ!"

ಕಲ್ಯಾಣದುರ್ಗದ ಕಂಪ್ಯೂಟರ್ ಸೆಂಟರಿನ ಬಾಗಿಲಲ್ಲಿ ನಿಂತು ಆದಿಲಕ್ಷ್ಮಿ ಕೂಗಿದಳು. ಕೋಪ ಬಂದರೆ ಅವಳಿಗೆ ಮಾತಿಗಿಂತ ಮೊದಲು ಕಣ್ಣೀರು ಬರುತ್ತದೆ. ಏನು ಮಾಡುವುದು, ಹುಟ್ಟುಗುಣ! ಹಿಂದೂಪುರದಿಂದ ಜೊತೆಗೆ ಬಂದಿದ್ದ ಸೋದರತ್ತೆ ಚಿನ್ನಕ್ಕ ಮಾತ್ರ ಬೆಂಚಿನ ಮೇಲೆ ಕೂತು ಆರಾಮಾಗಿ ಕಡಲೆಕಾಯಿ ಸುಲಿಯತೊಡಗಿದಳು.

ಸೆಂಟರಿನಲ್ಲಿ ಕಲಿಸುತ್ತಿದ್ದ ಕದಿರಪ್ಪ ಗಾಬರಿಯಿಂದ ಎದ್ದು ನಿಂತ. ಆ ವರ್ಷ, ತೊಂಬತ್ತಮೂರರಲ್ಲಿ, ಅವನು ಹಿಂದೂಪುರಕ್ಕೆ ಹೋಗಿ ಎರಡು ತಿಂಗಳು ಕಂಪ್ಯೂಟರ್ ಕಲಿಸಿ ಬಂದಿದ್ದ. ಆಗ ಎರಡನೇ ಸಾಲಿನಲ್ಲಿ ತುಟಿ ಬಿಚ್ಚದೆ ಕೂತಿದ್ದ ಹುಡುಗಿ ಈಗ ನೋಡಿ!

ಹಿಂದೂಪುರ ಬಿಡುವಾಗ ತಾನೇ ಬರೆದ ಪುಟ್ಟ ಪ್ರೋಗ್ರಾಂ ಒಂದನ್ನು ಎಲ್ಲರಿಗೂ ಕೊಟ್ಟಿದ್ದ. ಹೆಸರು 'ತೊಳೆ'. ಆ ಹೆಸರು, ಪಕ್ಕದಲ್ಲಿ ಫ್ಲಾಪಿ ಹಾಕಿದ ಡ್ರೈವಿನ ಅಕ್ಷರ, 'ಎ' ಇಲ್ಲವೇ 'ಬಿ', ಟೈಪ್ ಮಾಡಿ ಎಂಟರ್ ಒತ್ತಿದರೆ ಹಳೇ ಫ್ಲಾಪಿ ಕ್ಷಣದಲ್ಲಿ ಖಾಲಿ. ನಿನ್ನೆ ಆದಿಲಕ್ಷ್ಮಿ 'ಬಿ' ಬದಲು 'ಎ' ಒತ್ತಿಬಿಟ್ಟಿದ್ದಳು.

'ಎ'ಯಲ್ಲಿದ್ದದ್ದು ಅಮ್ಮನ ಅಂಚುಗಳು. ಅವರದು ಮಗ್ಗದ ಮನೆ. ಅಮ್ಮ ವರಲಕ್ಷ್ಮಮ್ಮ ಗ್ರಾಫ್ ಹಾಳೆಯಲ್ಲಿ ಬರೆದಿದ್ದ ನಲವತ್ತೆರಡು ಸೀರೆ ಅಂಚುಗಳನ್ನು ಅವಳು ಚೌಕಕ್ಕೊಂದು ಅಕ್ಷರದಂತೆ ಟೈಪ್ ಮಾಡಿಟ್ಟಿದ್ದಳು. ಅಮ್ಮ ಹೋಗಿ ವರ್ಷವಾಗಿತ್ತು. ಹಾಳೆಗಳು ಗೆದ್ದಲಿನ ಪಾಲಾಗಿದ್ದವು. ಉಳಿದಿದ್ದು ಆ ಫ್ಲಾಪಿ ಒಂದೇ.

"ನಮ್ಮನೇಲಿ ಸೀರೆ ಮುಗಿದ್ರೂ ಮಗ್ಗದಿಂದ ಹಂಗೇ ಕತ್ತರಿಸಲ್ಲ ಸಾರ್. 'ಕತ್ತರಿಸ್ಲಾ?' ಅಂತ ನೇಯ್ದೋರನ್ನ ಕೇಳ್ಬೇಕು. ಅವ್ರು ಹೂಂ ಅಂದ್ಮೇಲೇ ಕತ್ತರಿ. ನಿಮ್ದೇನ್ ಸಾರ್ ಇದು...?"

ಕದಿರಪ್ಪನ ಮುಖ ಸಣ್ಣದಾಯಿತು. ಟೈಪ್ ಮಾಡುವವರಿಗೆ ಗೊತ್ತಿರುತ್ತದೆ, ಕೇಳುವುದೇಕೆ ಎಂದು ಅವನೇ ಆ ಸಾಲು ಬಿಟ್ಟಿದ್ದ.

"ತಪ್ಪು ನಂದೇ. ಆದ್ರೆ ಅಳ್ಬ್ಯಾಡಿ. ಅಂಚು ಎಲ್ಲೂ ಹೋಗಿಲ್ಲ."

"ಆಂ?!"

"ಫ್ಲಾಪಿ ಮೊದಲಲ್ಲಿ ಒಂದು ಪಟ್ಟಿ ಇರ್ತದೆ, ಯಾವ ಫೈಲು ಎಲ್ಲೈತೆ ಅಂತ. 'ತೊಳೆ' ಅಳಿಸೋದು ಅದನ್ನಷ್ಟೇ. ಬಸ್‌ಸ್ಟ್ಯಾಂಡಲ್ಲಿ ಬೋರ್ಡ್ ಅಳಿಸಿದ್ರೆ ಬಸ್ಸು ಮಾಯ ಆಯ್ತವಾ?"

ಅವಳ ಅಳು ಅರ್ಧಕ್ಕೇ ನಿಂತಿತು. ಫ್ಲಾಪಿಯನ್ನು ಅವನ ಕೈಗೆ ಕೊಟ್ಟಳು. ಕುತೂಹಲ ತಡೆಯಲಾಗಲಿಲ್ಲ.

"ಹಂಗಾದ್ರೆ ಹೆಸ್ರಿಲ್ದೆ ಹೆಂಗ್ ಹುಡುಕ್ತೀರಾ?"

"ಮೊದ್ಲಿಂದ ಒಂದೊಂದೇ ತುಂಡು ತೆರೆ ಮೇಲೆ ತತ್ತೀನಿ. ಯಾವ ಅಂಚು ಅಂತ ನೀವು ಗುರುತು ಹಿಡೀರಿ. ನೀವು ಡಿಲೀಟ್ ಮಾಡಿದ್ದಿದ್ರೆ ಅದೂ ಬತ್ತದೆ. ಅದ್ರಾಗೂ ಹೋಗೋದು ಹೆಸ್ರು ಮಾತ್ರ."

ಡಿಲೀಟ್ ಮಾಡಿದ್ದೂ ಬರುತ್ತದಾ? ಅಯ್ಯೋ ದೇವುಡಾ... ಆ ಕಾಗದ!

ಅವನು ಊರು ಬಿಟ್ಟ ದಿನ ಅದೇ ಫ್ಲಾಪಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಟೈಪ್ ಮಾಡಿ, ಓದಿ, ನಾಚಿ, ಡಿಲೀಟ್ ಮಾಡಿದ್ದಳು. ಹೋಯಿತು ಅಂದುಕೊಂಡಿದ್ದಳು ಪಾಪ!

"ಬ್ಯಾಡ ಸಾರ್... ಫ್ಲಾಪಿ ಕೊಡಿ, ನಾನು ಹೋಯ್ತೀನಿ."

"ಯಾಕೆ? ನನ್ ಮ್ಯಾಲೆ ನಂಬಿಕೆ ಇಲ್ವಾ?"

"ಅದಲ್ಲ... ಅದ್ರಾಗೆ ನನ್ದೊಂದು ಕಾಗದ ಐತೆ. ಯಾರೂ ಓದ್ಬಾರ್ದು."

'ಯಾರಿಗೋ ಬರೆದಿದ್ದಾಳೆ!' ಕದಿರಪ್ಪನಿಗೆ ಎದೆಯಲ್ಲಿ ಏನೋ ಚುಚ್ಚಿತು. ಯಾಕೆ ಚುಚ್ಚಬೇಕು ಎಂದು ಮಾತ್ರ ತನ್ನನ್ನು ಕೇಳಿಕೊಳ್ಳಲಿಲ್ಲ.

"ಸರೇ. ಈ ಕೀ ಒತ್ತಿದ್ರೆ ಮುಂದಿನ್ದು ಬತ್ತದೆ, ಇದು ಒತ್ತಿದ್ರೆ ಉಳಿಸ್ಕಂತದೆ. ನಾನು ನೋಡಲ್ಲ."

ಹೇಳಿದವನೇ ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟ.

"ಏನಮ್ಮಿ, ಆವಯ್ಯ ಯಾಕೆ ಗೋಡೆ ನೋಡ್ಕಂಡು ಕುಂತವ್ನೆ?" ಚಿನ್ನಕ್ಕ ಕೇಳಿದಳು.

"ಸುಮ್ಕಿರತ್ತೆ!"

ತೆರೆಯ ಮೇಲೆ ಮಾವಿನಕಾಯಿ ಬಂತು. ಹಂಸ ಬಂತು. ಗೋಪುರದ ಅಂಚು ಬಂತು, ಅದರ ಮೂರನೇ ಸಾಲಿನಲ್ಲಿ ಅಮ್ಮ ಯಾವಾಗಲೂ ಮಾಡುತ್ತಿದ್ದ ತಪ್ಪಿನ ಸಮೇತ! ಆದಿಲಕ್ಷ್ಮಿ ಕಣ್ಣೊರೆಸಿಕೊಳ್ಳುತ್ತಾ ನಲವತ್ತೆರಡನ್ನೂ ಉಳಿಸಿದಳು. ಆಮೇಲೆ ನಲವತ್ತಮೂರನೆಯದು ಬಂತು.

ಎರಡು ಗಂಟೆ ಕಳೆದಿತ್ತು. ಅವನು ಒಮ್ಮೆಯೂ ತಿರುಗಿರಲಿಲ್ಲ. ಇಂಥವನಿಗೆ ಬರೆದದ್ದನ್ನು ಇಂಥವನಿಂದಲೇ ಮುಚ್ಚಿಡಬೇಕೇ...?

"ಮುಗೀತಾ?" ಗೋಡೆಯ ಕಡೆಯಿಂದ ಕೇಳಿದ.

"ಕಾಗದ ಒಂದುಳೀತು."

"ಅಳಿಸ್ಬೇಕಾದ್ರೆ ಹೇಳಿ. ಈ ಸಲ ಪೂರ್ತಿ ಹೋಗೋ ಹಂಗೆ ಮಾಡ್ತೀನಿ." ಅವನ ದನಿ ಇಳಿದಿತ್ತು.

"ಸಾರ್... ತಿರುಗಿ. ಓದಿ."

'ಕದಿರಪ್ಪ ಸಾರ್‌ಗೆ. ನೀವು ಹೇಳಿದ್ದರಲ್ಲಿ ಅರ್ಧ ನನ್ನ ಕಿವಿಗೆ ಬೀಳಲಿಲ್ಲ. ನಿಮ್ಮನ್ನೇ ನೋಡ್ತಾ ಕೂತಿದ್ದೆ. ಎ ಯಾವುದು, ಬಿ ಯಾವುದು ಅಂತ ಈಗಲೂ ತಿಳಿಯದು. ನೀವು ಹೋದ್ರಿ. ಇನ್ನು ಯಾರನ್ನ ಕೇಳಲಿ?'

ಅವನು ಎರಡು ಸಲ ಓದಿದ. ಕಿವಿ ಕೆಂಪಾಯಿತು. ಗೋಡೆಗೆ ಮುಖ ಮಾಡಿ ಕೂತಿದ್ದಾಗ ಪೆನ್ಸಿಲಿನಲ್ಲಿ ಗೀಚಿದ್ದ ಹಾಳೆಯನ್ನು ಅವಳ ಮುಂದಿಟ್ಟ. ಹೊಸ 'ತೊಳೆ'. ಮೊದಲು ಫ್ಲಾಪಿಯಲ್ಲಿ ಏನಿದೆ ಎಂದು ತೋರಿಸಬೇಕು. ಆಮೇಲೆ ಪಟ್ಟಿಯ ನಕಲು ಬೇರೆ ಕಡೆ ತೆಗೆದಿಡಬೇಕು. ಆಮೇಲೆ ಕೇಳಬೇಕು. ಹೂಂ ಅಂದರೆ ಮಾತ್ರ ಅಳಿಸಬೇಕು.

"ಈ ಕಾಗದ... ಅಳಿಸ್ಲಾ?" ಕೇಳಿದ.

"ಊಹೂಂ." ಅವಳು ತಲೆಯೆತ್ತಲಿಲ್ಲ. "ಇನ್ನೊಂದು ನಕಲು ತೆಗೀರಿ."

"ಒಂದು ಹಿಂದೂಪುರದಾಗೆ, ಒಂದು ಇಲ್ಲಿ ಇಡಾನಾ?"

"ಎರಡು ಊರು ಯಾಕೆ ಸಾರ್..."

ಚಿನ್ನಕ್ಕನ ಕಡಲೆಕಾಯಿ ಸಿಪ್ಪೆಯ ಸದ್ದು ನಿಂತುಹೋಯಿತು.

"ಹಂಗಾದ್ರೆ ಭಾನುವಾರ ಬಂದು ನಿಮ್ಮಪ್ಪನ್ನ ಕೇಳ್ಲಾ?"

ಆದಿಲಕ್ಷ್ಮಿ ಈಗ ಅವನ ಮುಖ ನೋಡಿದಳು.

"ಹೂಂ."