ಬಿಗಿಯಾಗಿದ್ದ ನಟ್ಟು

"ಖರೇ ಏನಂತ ತಿಳಕೊಳ್ಳಾಕ ನಾ ಬಂದಿಲ್ರಿ ಅಕ್ಕೋರ," ಎಂದಳು ಅನ್ನಪೂರ್ಣಾ, ಮುಂದಿಟ್ಟ ನೀರನ್ನೂ ಮುಟ್ಟದೆ. "ನನ್ನ ಮೈದುನ ಜೇಲಿಗೆ ಹೋಗಬೇಕು. ಅದಕ್ಕ ಪುರಾವೆ ಹುಡುಕಿ ಕೊಡ್ರಿ."

ಬಾಗಿಲ ಬಳಿ ಕುಳಿತಿದ್ದ ಮಡಿವಾಳೆಪ್ಪನಿಗೆ ಆ ಮಾತು ಚುರ್ ಎಂದಿತು. ಅವನೂ ಒಬ್ಬ ಮೈದುನನೇ. ಅಣ್ಣ ತೀರಿಕೊಂಡ ಮೇಲೆ ವೈನಿ ಸಾವಿತ್ರೆವ್ವನವರ ಜೊತೆ ಬೈಲಹೊಂಗಲದ ಈ ಮನೆಯಲ್ಲೇ ಇದ್ದ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿದ್ದ ಅವರ ಪಡಸಾಲೆಗೆ ಸುತ್ತಲ ಊರುಗಳ ಬಿಡಿಸಲಾಗದ ಗಂಟುಗಳೆಲ್ಲ ಬರುತ್ತಿದ್ದವು. ಅವರು ಹೋದಲ್ಲಿಗೆಲ್ಲ ಮಡಿವಾಳೆಪ್ಪನೇ ಸ್ಕೂಟರ್ ಓಡಿಸುತ್ತಿದ್ದ.

ಅನ್ನಪೂರ್ಣಾ ಒಂದೇ ಉಸಿರಿಗೆ ಹೇಳಿದಳು. ಗಂಡ ನಿಜಗುಣಪ್ಪನದು ಬೀಜ-ಗೊಬ್ಬರದ ಅಂಗಡಿ. ಹುಚ್ಚು ಮಾತ್ರ ಕಟ್ಟಿಗೆ ಕೆಲಸದ್ದು. ಹಿತ್ತಲ ಶೆಡ್ಡಿನಲ್ಲಿ ರೌಟರ್ ಯಂತ್ರವನ್ನು ಪ್ಲೈವುಡ್ ಹಲಗೆಯ ಕೆಳಗೆ ತಲೆಕೆಳಗಾಗಿ ತೂಗುಹಾಕಿ, ಮೇಲೆ ಕಟ್ಟಿಗೆ ಸರಿಸುತ್ತ ಅಂಚು ಕೊರೆಯುತ್ತಿದ್ದ. ಯಂತ್ರದ ಭಾರಕ್ಕೆ ಹಲಗೆ ನಡುವೆ ಜೋತುಬಿದ್ದು, ಕೊರೆದದ್ದೆಲ್ಲ ಡೊಂಕಾಗುತ್ತಿತ್ತು. ಊರ ವಾಚನಾಲಯಕ್ಕೆ ಸಾಗವಾನಿ ಬಾಗಿಲು ಮಾಡುವ ಕೆಲಸ ಸಿಕ್ಕಾಗ, ಬೆಳಗಾವಿಯಿಂದ ಹೊಸ ರೌಟರ್ ಟೇಬಲ್ಲನ್ನೂ ಅದಕ್ಕೊಪ್ಪುವ ಹೊಸ ಯಂತ್ರವನ್ನೂ ತಂದ. ಬೀಡುಕಬ್ಬಿಣದ ಮೇಲ್ಮೈ, ಹಿಡಿಕೆ ತಿರುಗಿಸಿದರೆ ಯಂತ್ರವೇ ಮೇಲೆದ್ದು ಬರುವ ಲಿಫ್ಟು. ಅದರ ಮೇಲೆ ಮೊದಲ ಬಾಗಿಲು ಕೊರೆಯುತ್ತಿದ್ದಾಗಲೇ ತಿರುಗುತ್ತಿದ್ದ ಉಕ್ಕಿನ ಅಲಗು, 'ಬಿಟ್', ಹಾರಿ, ಅವನ ಎಡಗೈಯ ಎರಡು ಬೆರಳು ಹೋದವು.

"ಪಾಲಾದಾಗಿಂದ ಅಣ್ಣ-ತಮ್ಮ ಮಾತಾಡೂದಿಲ್ರಿ. ಗ್ವಾಡಿ ಆ ಕಡಿ ಕಲ್ಮೇಶ, ಈ ಕಡಿ ನಾವು. ಮಷೀನ್ ಸಪ್ಪಳ ಕೇಳಿದ್ರ ಅಂವಗ ಮೈ ಉರೀತೈತಿ. 'ಅದ ನಿನ್ನ ಕೈ ತಿಂತೈತಿ ನೋಡು' ಅಂತ ಓಣಿ ಮಂದಿ ಮುಂದ ಒದರ್ಯಾನ. ನಟ್ ಬಿಚ್ಚೂ ಪಾನಾ ಮರುದಿನ ಅವನ ಬಣವ್ಯಾಗ ಸಿಕ್ತು. ಇನ್ನೇನ ಬೇಕ್ರಿ?"

"ಗಾಯ ಆದಾಗ ದವಾಖಾನಿಗೆ ಒಯ್ದವರು ಯಾರು?" ಎಂದು ಕೇಳಿದರು ಸಾವಿತ್ರೆವ್ವ.

ಅನ್ನಪೂರ್ಣಾ ಮುಖ ತಿರುಗಿಸಿದಳು. "ಅವನ ಗಾಡಿ ಅಷ್ಟ ಇತ್ತು. ನಾನೂ ಹತ್ತಿ ಹೋದೆ. ಮನೀಗೆ ವಿಜಯಣ್ಣ ಇದ್ರು. ರಾತ್ರಿತನಾ ನಾವ್ಯಾರೂ ಹೊಳ್ಳಿ ಬರಲಿಲ್ಲ."

ಸ್ಕೂಟರ್ ಅನ್ನಪೂರ್ಣಾಳ ಮನೆ ಮುಟ್ಟಿದಾಗ ನಿಜಗುಣಪ್ಪ ಮಂಚದ ಮೇಲೆ, ಕೈಗೆ ಬಿಳಿ ಪಟ್ಟಿ ಸುತ್ತಿಕೊಂಡು ಕೂತಿದ್ದ. ನೇಸರಗಿಯ ವಿಜಯ ಪಕ್ಕದಲ್ಲೇ ಇದ್ದ. ನಿಜಗುಣಪ್ಪನಿಗೆ ಉಳಿ ಹಿಡಿಯಲು ಕಲಿಸಿದವನೇ ಅವನು.

"ಮುಂಜಾನಿ ನಾನ ಬಿಟ್ ಹಾಕಿ, ಪಾನಾದ್ಲೆ ಬಿಗಿ ಮಾಡಿ, ಚಾ ಕುಡ್ಯಾಕ ಒಳಗ ಹೋದೆ," ಎಂದ ನಿಜಗುಣಪ್ಪ, ಹಲ್ಲು ಕಚ್ಚಿ. "ಅಷ್ಟರಾಗ ಆ ಹಲಕಟ್ ಗ್ವಾಡಿ ಜಿಗದು ಬಂದು ಸಡಲ ಮಾಡ್ಯಾನ."

"ಮೊದಲಿನ ಟೇಬಲ್ಲಿನ್ಯಾಗೂ ಬಿಟ್ ಹಿಂಗ ಹಾಕ್ತಿದ್ರಿ?"

"ಇಲ್ರಿ. ಆಗ ಇಡೀ ಮಷೀನ್ ಕೆಳಗಿಂದ ಬಿಚ್ಚಿ, ಹೊಳ್ಳಿಸಿ, ಕೈಯಾಗ ಹಿಡದು ನೋಡಿ ಹಾಕಬೇಕಾಗತಿತ್ತು. ಈಗ ಮ್ಯಾಲಿಂದನ ತೂರಿಸಿ ಬಿಗಿದ್ರಾತು."

ಸಾವಿತ್ರೆವ್ವ ವಿಜಯನತ್ತ ತಿರುಗಿದರು. "ನಿಮ್ಮ ಟೇಬಲ್ ಇವರಿಗೆ ಕೊಡಬೇಕಂದಿದ್ರಂತ?"

"ಅಂದಿದ್ದೆ. ನಂದೂ ಅದ ಕಂಪನಿ ಮಷೀನು. ನನ್ನ ಬಿಟ್ ಅರ್ಧ ಇಂಚಿನ್ವು, ಇವಂದು ಹನ್ನೆರಡು ಎಂಎಂ, ಅಷ್ಟ ಫರಕ. 'ಗುಜರಿಗೆ ಹಾಕ್ರಿ' ಅಂದ, ಅಂಗಡ್ಯಾಗಿನ ಮಂದಿ ಮುಂದ." ವಿಜಯ ನಕ್ಕ. "ಹೋಗ್ಲಿ ಬಿಡ್ರಿ. ಈ ಪೀಡಾ ಮಷೀನು ಮನ್ಯಾಗ ಯಾಕ, ನಾನ ಒಯ್ದು ಮಾರತೇನಿ ಅಂದ್ರ ಅನ್ನಪೂರ್ಣಾ ಶೆಡ್ಡಿಗೆ ಕೀಲಿ ಹಾಕ್ಯಾಳ."

ಆ ಕೀಲಿ ತೆಗೆಸಿ ವೈನಿ-ಮೈದುನ ಒಳಗೆ ಹೋದರು. ಹವಾಲ್ದಾರ ಪರಶು ಠಾಣೆಯಿಂದ ಪಾನಾ ತಂದಿದ್ದ. ಟೇಬಲ್ಲಿನ ಜೊತೆಗೇ ಬಂದ ಹೊಚ್ಚಹೊಸ ಪಾನಾ, ತುದಿಯಲ್ಲಿ ಕಂದು ಕಲೆ.

"ಜಂಗ್ ಹತ್ತೇತ್ರಿ," ಎಂದ ಪರಶು, ಅದನ್ನು ತುಕ್ಕೆಂದುಕೊಂಡು.

"ಇಷ್ಟ್ ಲಗೂ?" ಎಂದು ಸಾವಿತ್ರೆವ್ವ ಕಲೆಯನ್ನು ಬೆಳಕಿಗೆ ಹಿಡಿದರು. ಆಮೇಲೆ ಪಾನಾವನ್ನು ಮೈದುನನ ಕೈಗಿತ್ತು, "ಬಿಟ್ ಹಿಡಿಯೂ ಆ ನಟ್ ಬಿಚ್ಚು," ಎಂದರು.

ಮಡಿವಾಳೆಪ್ಪ ಒಂದು ಕೈಯಿಂದ ಎಳೆದ. ನಟ್ಟು ಮಿಸುಕಲಿಲ್ಲ. ಎರಡೂ ಕೈ ಹಾಕಿ ಮೈಭಾರ ಬಿಟ್ಟಾಗ ಟಕ್ಕೆಂದು ತಿರುಗಿತು.

"ಬಿಗಿ ಐತಿ ವೈನಿ!"

"ಅದ ನನಗ ಬೇಕಾಗಿತ್ತು."

ನಟ್ಟಿನೊಳಗಿನಿಂದ ಬಿಟ್ಟಿನ ದಂಡ ಹಿಡಿದುಕೊಳ್ಳುವ ಉಕ್ಕಿನ ಪುಟ್ಟ ಕೊಳವೆ, ಕಾಲೆಟ್ಟು, ಹೊರಬಂತು. ಅದರ ಒಳಮೈಯೆಲ್ಲ ಗೀರು. ಸಾವಿತ್ರೆವ್ವ ಚೀಲದಿಂದ ವರ್ನಿಯರ್ ತೆಗೆದು ಹಾರಿದ್ದ ಬಿಟ್ಟಿನ ದಂಡವನ್ನೂ ಆಮೇಲೆ ಕಾಲೆಟ್ಟಿನ ತೂತನ್ನೂ ಅಳೆದರು. "ಎಲ್ಲಾರನೂ ಕರಿ," ಎಂದರು. "ಕಲ್ಮೇಶನ್ನೂ."

ಅಣ್ಣ-ತಮ್ಮ ಶೆಡ್ಡಿನ ಎರಡು ಮೂಲೆ ಹಿಡಿದು ನಿಂತರು. ಕಲ್ಮೇಶನನ್ನು ಕಂಡದ್ದೇ ಅನ್ನಪೂರ್ಣಾ ಥೂ ಎಂದು ಉಗುಳಿದಳು. ಅವನು ಕಣ್ಣು ಕೆಂಪಗೆ ಮಾಡಿಕೊಂಡು ಅಣ್ಣನ ಪಟ್ಟಿ ಸುತ್ತಿದ ಕೈಯನ್ನೇ ನೋಡಿದ. ಅವನೇ ತಪ್ಪಿತಸ್ಥನೆಂಬುದರಲ್ಲಿ ಆ ನಟ್ಟು ಬಿಚ್ಚುವವರೆಗೆ ಮಡಿವಾಳೆಪ್ಪನಿಗೂ ಸಂಶಯವಿರಲಿಲ್ಲ.

"ನಟ್ ಸಡಲ ಮಾಡಿದ್ರು ಅಂತೀರಿ," ಸಾವಿತ್ರೆವ್ವ ಶುರು ಮಾಡಿದರು. "ಸಡಲ ಆಗಿಲ್ಲ. ನಿಜಗುಣಪ್ಪ ಹೆಂಗ ಬಿಗಿದಿದ್ರೋ ಹಂಗ ಐತಿ. ಅಂದಮ್ಯಾಗ ಚಾ ಕುಡಿಯೂ ಹೊತ್ತಿನ್ಯಾಗ ಯಾರೂ ಅದನ್ನ ಮುಟ್ಟಿಲ್ಲ."

"ಮತ್ತ ಪಾನಾ?" ಎಂದಳು ಅನ್ನಪೂರ್ಣಾ ಚೂಪಾಗಿ.

"ಅದರ ಮ್ಯಾಲೆ ಇರೂದು ಜಂಗ್ ಅಲ್ಲ, ನಿನ್ನ ಗಂಡನ ರಕ್ತ. ರಕ್ತ ಸಿಡಿದಾಗ ಪಾನಾ ಇದ ಶೆಡ್ಡಿನ್ಯಾಗ ಇತ್ತು. ಬಣವಿಗೆ ಹೋಗಿದ್ದು ಆಮ್ಯಾಲೆ. ಆಮ್ಯಾಲೆ ಕಲ್ಮೇಶ ಎಲ್ಲಿದ್ದ? ನಿನ್ನ ಜೋಡಿ, ದವಾಖಾನ್ಯಾಗ."

ಸಾವಿತ್ರೆವ್ವ ಕಾಲೆಟ್ಟನ್ನು ಅಂಗೈ ಮೇಲಿಟ್ಟರು.

"ಬಿಟ್ಟಿನ ದಂಡ ಹನ್ನೆರಡು ಎಂಎಂ. ಈ ಕಾಲೆಟ್ ಅರ್ಧ ಇಂಚಿಂದು, ಅಂದ್ರ ಹನ್ನೆರಡೂ ಮುಕ್ಕಾಲಿಗೆ ಹತ್ರ. ಕಣ್ಣಿಗೆ ಫರಕ್ ಗೊತ್ತಾಗೂದಿಲ್ಲ. ನಟ್ ಎಷ್ಟ ಬಿಗಿದ್ರೂ ದಂಡ ಪೂರ್ತಿ ಹಿಡಿಯೂದಿಲ್ಲ, ಮಷೀನ್ ಜೋರ್ ತಿರುಗಿದಾಗ ಜಾರತೈತಿ. ಹಳೇ ಟೇಬಲ್ ಇದ್ದಿದ್ರ ಮಷೀನ್ ಹೊಳ್ಳಿಸಿ ಹಿಡದಾಗ ದಂಡ ಸಡಲ ಅನ್ನೂದು ಕೈಗೆ ಗೊತ್ತಾಗತಿತ್ತು. ಹೊಸಾದ್ರಾಗ ಮ್ಯಾಲಿಂದ ಬಿಟ್ ತೂರಿಸಿದ್ರಾತು. ಬಿಟ್ ಹಾಕೂಕಿಂತ ಮೊದಲ ಕಾಲೆಟ್ ಬದಲಿ ಮಾಡಿದಾಂವಗ ಇದು ಚಲೋ ಗೊತ್ತಿತ್ತು. ಬಿಟ್ ಹಾರಿದ ಮ್ಯಾಲೆ ತನ್ನ ಕಾಲೆಟ್ ಹೊಳ್ಳಿ ತಗೋಬೇಕಂತ ಪಾನಾ ಹಿಡದ. ಅಷ್ಟರಾಗ ಯಾರ ಬಂದ್ರು?"

"ನಾನ್ರಿ," ಎಂದಳು ಮನೆಗೆಲಸದ ಶಟ್ಟೆವ್ವ, ಬಾಗಿಲಿನಿಂದ. "ರಕ್ತ ತೊಳ್ಯಾಕ ಬಂದ್ರ ವಿಜಯಪ್ಪಾರು ಗಡಬಡಿಸಿ ಹೊರಗ ಹೋದ್ರು. ಸಂಜೀತನಾ ನಾ ಇಲ್ಲೇ ಇದ್ದೆ."

"ತಗೊಳ್ಳಾಕ ಆಗಲಿಲ್ಲ, ಪಾನಾ ಗ್ವಾಡಿ ಆ ಕಡಿ ಹೋತು. ಆಮ್ಯಾಲೆ ಮಷೀನನ್ನ ಒಯ್ಯಾಕ ನೋಡಿದ್ರು." ಸಾವಿತ್ರೆವ್ವ ವಿಜಯನ ಎದುರು ನಿಂತರು. "ನಡೀರಿ, ಈಗ ನೇಸರಗಿಗೆ ಹೋಗೂಣು. ನಿಮ್ಮ ಮಷೀನಿಗೆ ನಿಮ್ಮ ಅರ್ಧ ಇಂಚಿನ ಬಿಟ್ ಹಾಕಿ ತೋರಿಸ್ರಿ. ಕಾಲೆಟ್ ಅಲ್ಲೇ ಇದ್ರ ನಾ ನಿಮ್ಮ ಕಾಲಿಗೆ ಬೀಳತೇನಿ."

ವಿಜಯ ಕದಲಲಿಲ್ಲ. ಅವನ ಮುಖದ ಮೇಲಿದ್ದ ನಗೆ ಮಾಯವಾಗಿತ್ತು.

"ಆ ಕೈಗೆ ಕಲಿಸಿದಾಂವ ನಾನು," ಎಂದ ಕೊನೆಗೆ, ನಿಜಗುಣಪ್ಪನನ್ನೇ ದುರುಗುಟ್ಟಿ ನೋಡುತ್ತ. "ವಾಚನಾಲಯದ ಬಾಗಿಲಾ ನಾ ಮಾಡಬೇಕಾದ್ವು. ಅದನ್ನೂ ಕಸಗೊಂಡಿ. ಮ್ಯಾಲೆ ನನ್ನ ಟೇಬಲ್ ಗುಜರಿ, ನನ್ನ ಕೆಲಸಾ ಗುಜರಿ. ಎರಡ ಬೆರಳಿಗೆ ಮುಗೀತಲ್ಲಾ, ಅದ ನನಗ ಕೆಟ್ಟ ಅನಸ್ತೈತಿ."

ನಿಜಗುಣಪ್ಪ ಮೈಮೇಲೆ ಹೋಗುವವನಿದ್ದ, ಪರಶು ತಡೆದ. ವಿಜಯನ ರಟ್ಟೆ ಹಿಡಿದು ಹೊರಗೆ ಕರೆದೊಯ್ಯುವಾಗಲೂ ಅವನು ಹಿಂತಿರುಗಿ ಬೈಯುತ್ತಲೇ ಇದ್ದ.

ಕಲ್ಮೇಶ ಬಾಗಿಲು ದಾಟಿದ. ಅನ್ನಪೂರ್ಣಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಕಲ್ಮ್ಯಾ," ಎಂದು ಕರೆದ ನಿಜಗುಣಪ್ಪ. ಎಷ್ಟೋ ವರ್ಷದ ಮೇಲೆ ಅವನು ತಮ್ಮನ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಕಲ್ಮೇಶ ನಿಂತ, ತಿರುಗಲಿಲ್ಲ. "ನಿನ್ನ ತೊಡಿಮ್ಯಾಲೆ ಹಾಕ್ಕೊಂಡು ಗಾಡಿ ಹೊಡದೇನಿ. ನನ್ನ ಅಂಗಿ ತುಂಬ ನಿನ್ನ ರಕ್ತ. ಅದ ಅಂಗಿ ಮ್ಯಾಲೆ ನನ್ನ ಠಾಣೇಕ ಕರಸಿದಿ. ಆ ಬಾಯ್ಲೆ ಇನ್ನ ನನ್ನ ಹೆಸರ ತಗೀಬ್ಯಾಡ."

ಮಡಿವಾಳೆಪ್ಪ ಸ್ಕೂಟರ್ ತಿರುಗಿಸಿದ. "ಖರೇ ಗೊತ್ತಾದ್ರೂ ಏನೂ ಸರಿ ಆಗಲಿಲ್ಲಲ್ಲ ವೈನಿ," ಎಂದ.

"ತಪ್ಪು ಮಾಡದಾಂವ ಮನೀಗೆ ಹೋದ," ಎಂದರು ಸಾವಿತ್ರೆವ್ವ, ಹಿಂದೆ ಕೂತು ಸೆರಗು ಸರಿಪಡಿಸಿಕೊಳ್ಳುತ್ತ. "ನಮ್ಮ ಕೈಯಾಗ ಇದ್ದದ್ದು ಅಷ್ಟ. ನಡಿ."